ವಿದ್ಯುತ್ ಕಾರಿನ ದಾರಿಬುತ್ತಿ

ನಮ್ಮ ಮನೆಗೆ ವಿದ್ಯುತ್ ಕಾರು ಬಂದು ಮೂರು ವರ್ಷವಾಯಿತು. ಬಂದ ಮೊದಲ ವಾರದಲ್ಲಿ ಅದನ್ನು ನೋಡಲು ಬಂದ ನೆಂಟರು, ನೆರೆಯವರು, ಹಾಲಿನವನು, ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ?" ನಾನು "ಸುಮಾರು ಇನ್ನೂರು ಕಿಲೋಮೀಟರು" ಎನ್ನುತ್ತಿದ್ದೆ. "ಅಷ್ಟೇನಾ?" ಎಂದು ಅವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಪ್ರಶ್ನೆಯೇನೋ ಸಹಜವಾದದ್ದೇ. ಆದರೆ ಮೂರು ವರ್ಷ ಆ ಕಾರಿನೊಡನೆ ಬಾಳಿದ ಮೇಲೆ, ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನನಗೆ ತೋರುತ್ತದೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ನಿಂತ ಕಡೆಯ ವಿದ್ಯುತ್ತು ಹೇಗಿದೆ? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಪುತ್ತೂರಿನ ಹತ್ತಿರ ಇರುವ ನನ್ನ ಅಕ್ಕನ ಮನೆಯ ಅಡಿಗೆಮನೆ. ಆ ಕಥೆಗೆ ಹೋಗುವ ಮೊದಲು ದಿನನಿತ್ಯದ ಓಡಾಟದ ವಿಷಯವಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ.

ಪೆಟ್ರೋಲು ಕಾರು ಇದ್ದಾಗ ವಾರಕ್ಕೊಮ್ಮೆ ಬಂಕಿನ ಮುಂದೆ ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸವಾಗಿತ್ತು. ಮುಳ್ಳು ಕೆಳಗಿಳಿಯುವವರೆಗೆ ಕಾಯುವುದು, ಆಮೇಲೆ ತುಂಬಿಸಲು ಓಡುವುದು. ಈಗ ಆ ರೂಢಿ ತಪ್ಪಿಹೋಗಿದೆ. ಮೇಯಲು ಹೋದ ಹಸು ಸಂಜೆ ಕೊಟ್ಟಿಗೆಗೆ ಬಂದರೆ ಅದಕ್ಕೆ ಹುಲ್ಲು ಹಾಕುತ್ತೇವಲ್ಲ, ಕಾರಿಗೂ ಹಾಗೆಯೇ. ಹಸಿವಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕಟ್ಟಿದ ಕಡೆ ಮೇವು ಸಿಗುತ್ತದೆ. ನಾವು ಮಲಗಿರುವಾಗ ಅದು ಮೇಯುತ್ತಿರುತ್ತದೆ. ಬೆಳಿಗ್ಗೆ ಎದ್ದರೆ ಹೊರಡಲು ಸಿದ್ಧ.

ಲೆಕ್ಕವೂ ಕಷ್ಟದ್ದಲ್ಲ. ನಿಮ್ಮ ವಿದ್ಯುತ್ ಬಿಲ್ಲಿನಲ್ಲಿ 'ಯೂನಿಟ್' ಎಂದು ಇರುತ್ತದೆ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಒಂದು ಗಂಟೆ ಬಿಡದೆ ಉರಿಸಿದರೆ ಎಷ್ಟು ವಿದ್ಯುತ್ತು ಖರ್ಚಾಗುತ್ತದೆಯೋ ಅದೇ ಒಂದು ಯೂನಿಟ್. ನಮ್ಮ ಕಾರಿನ ಬ್ಯಾಟರಿ ಸುಮಾರು ೩೦ ಯೂನಿಟ್ ಹಿಡಿಯುತ್ತದೆ. ಒಂದು ಯೂನಿಟ್ಟಿಗೆ ಅದು ಆರೂವರೆ ಕಿಲೋಮೀಟರಿನಷ್ಟು ಓಡುತ್ತದೆ. ಮೊಮ್ಮಗನ ಶಾಲೆ, ಬ್ಯಾಂಕು, ದೇವರಾಜ ಮಾರುಕಟ್ಟೆ ಎಂದು ದಿನಕ್ಕೆ ೩೦ ಕಿಲೋಮೀಟರು ಓಡಾಡಿದರೂ ಐದು ಯೂನಿಟ್ಟಿನ ಖರ್ಚು. ಗೀಸರಿಗೆ ಹಾಕುವಂಥ ೧೫ ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಸಿಗುತ್ತದೆ. ಎಂದರೆ ಎರಡು ಗಂಟೆಯೊಳಗೆ ಆ ದಿನದ ಖರ್ಚು ತುಂಬಿಬಿಡುತ್ತದೆ. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ ೩೫ ರೂಪಾಯಿ. ಲೀಟರಿಗೆ ೧೫ ಕಿಲೋಮೀಟರು ಕೊಡುವ ಪೆಟ್ರೋಲು ಕಾರಿಗೆ, ಲೀಟರಿಗೆ ನೂರು ರೂಪಾಯಿ ಎಂದರೂ, ಅಷ್ಟೇ ದೂರಕ್ಕೆ ಇನ್ನೂರು ರೂಪಾಯಿ ಬೇಕು. ಕಾರಿನ ಬೆಲೆ ಹೆಚ್ಚು ಎಂಬುದು ನಿಜ. ಓಡಿದಷ್ಟೂ ಆ ಹೆಚ್ಚಳ ತೀರುತ್ತ ಬರುತ್ತದೆ.

ಆದರೆ ಕಾರು ಮನೆಯ ಮೀಟರಿಗೆ ಸೇರಿಕೊಂಡಿತು ಎಂದ ಮೇಲೆ ಮನೆಯ ಶಿಸ್ತಿಗೂ ಸೇರಬೇಕಾಗುತ್ತದೆ. ಪ್ರತಿ ಮನೆಗೂ ಇಷ್ಟು ಕಿಲೋವ್ಯಾಟ್ ಎಂದು ಮಂಜೂರಾದ ಹೊರೆ ಇರುತ್ತದೆ. ಅದು ಬಿಲ್ಲಿನಲ್ಲಿಯೇ ಅಚ್ಚಾಗಿರುತ್ತದೆ. ಮೊದಲ ತಿಂಗಳು ಒಂದು ಸಂಜೆ ನೀರಿನ ಮೋಟಾರು, ಗೀಸರು, ಕಾರು ಮೂರೂ ಒಟ್ಟಿಗೆ ನಡೆದು ಮನೆಯೆಲ್ಲ ಕತ್ತಲಾಯಿತು. ಅಂದಿನಿಂದ ನಮ್ಮ ಮನೆಯಾಕೆ ಒಂದು ಕಾನೂನು ಮಾಡಿದ್ದಾಳೆ: ಕಾರಿನ ಊಟ ಮನೆಯವರ ಊಟವಾದ ಮೇಲೆ, ರಾತ್ರಿ ಹತ್ತು ಗಂಟೆಗೆ. ಇನ್ನೊಂದು ಕಾನೂನು ಎಲೆಕ್ಟ್ರಿಷಿಯನ್ ಮಾಡಿದ್ದು: ಸಭೆ ಸಮಾರಂಭಕ್ಕೆ ಎಳೆಯುವ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರಿನಿಂದ ಕಾರಿಗೆ ಎಂದೂ ಚಾರ್ಜ್ ಮಾಡಬಾರದು. ಗಂಟೆಗಟ್ಟಲೆ ಹದಿನಾಲ್ಕು ಹದಿನೈದು ಆಂಪಿಯರ್ ಹರಿದರೆ ಆ ವೈರು ಕಾದು ಕರಗುತ್ತದೆ.

ಓಡಿಸುವ ಕೈಯೂ ಬದಲಾಗುತ್ತದೆ. ಈ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಮೋಟಾರೇ ಡೈನಮೋ ಆಗಿ, ಓಡುತ್ತಿರುವ ಕಾರಿನ ರಭಸವನ್ನು ಮತ್ತೆ ವಿದ್ಯುತ್ತಾಗಿ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಪೆಟ್ರೋಲು ಕಾರಿಗೆ ಪೇಟೆಯ ಸಂದಣಿಯಲ್ಲಿ ಖರ್ಚು ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ಇದಕ್ಕೆ ತಿರುವುಮುರುವು. ಹೆದ್ದಾರಿಯಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಏರುತ್ತದೆ. ವೇಗದ ವರ್ಗದಂತೆ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವು. ಗಂಟೆಗೆ ೮೦ ಕಿಲೋಮೀಟರಿನ ಬದಲು ೧೦೦ರಲ್ಲಿ ಹೋದರೆ ಗಾಳಿ ಒಂದೂವರೆ ಪಾಲಿಗಿಂತ ಹೆಚ್ಚು ತಡೆಯುತ್ತದೆ. ಪೆಟ್ರೋಲು ಕಾರಿನಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಇಲ್ಲಿ ಅಂಕಿ ಕಣ್ಣೆದುರಿಗೇ ಇಳಿಯುತ್ತಿರುವುದರಿಂದ, ಯಾರೂ ಗದರದೆಯೇ ಕಾಲು ಹದಕ್ಕೆ ಬರುತ್ತದೆ.

ಇನ್ನು ದೂರದ ಪ್ರಯಾಣ. "ದಾರಿಯಲ್ಲಿ ಮುಗಿದುಹೋದರೆ?" ಎಂಬ ಭಯ ಎಲ್ಲರಿಗೂ ಇರುವುದೇ. ಆದರೆ ಈ ಭಯ ಮೋಟಾರು ಕಾರಿನಷ್ಟೇ ಹಳೆಯದು. ೧೮೮೮ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು ಗಂಡನಿಗೆ ಹೇಳದೆ, ಅವನೇ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ತನ್ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಪೆಟ್ರೋಲು ಬಂಕೆಂಬುದು ಆಗ ಲೋಕದಲ್ಲಿಯೇ ಇರಲಿಲ್ಲ. ವೀಸ್‌ಲಾಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ಗಾಡಿಗೆ ಸುರಿದಳು. ಕಾಲು ಶತಮಾನದೊಳಗೆ ಬಂಕುಗಳು ಬಂದವು. ಮೊದಲು ಗಾಡಿ, ಆಮೇಲೆ ಮೇವಿನ ಕಟ್ಟೆ. ಎಲ್ಲ ಕಾಲದಲ್ಲೂ ಹೀಗೆಯೇ.

ನಮ್ಮಲ್ಲಿಯೂ ಹಾಗೆಯೇ ಆಯಿತು. ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ೨೦೦೧ರಲ್ಲಿ ಮಾರುಕಟ್ಟೆಗೆ ಬಂತು. ಸೀಸದ ಬ್ಯಾಟರಿಯ ಆ ಕಾರು ಒಂದು ಚಾರ್ಜಿಗೆ ೮೦ ಕಿಲೋಮೀಟರು ಹೋಗುತ್ತಿತ್ತು. ಲಂಡನ್ನಿನ ಬೀದಿಗಳಲ್ಲೂ ಓಡಿತು. ಆದರೆ ಅದನ್ನು ಊರು ಬಿಟ್ಟು ಹೊರಗೆ ಒಯ್ಯುವಂತಿರಲಿಲ್ಲ, ದಾರಿಯಲ್ಲಿ ಮೇವಿರಲಿಲ್ಲ. ೨೦೧೭ರಲ್ಲಿ ಕರ್ನಾಟಕ ಸರಕಾರ ವಿದ್ಯುತ್ ವಾಹನಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. ಇಂಥ ನೀತಿ ತಂದ ರಾಜ್ಯಗಳಲ್ಲಿ ನಮ್ಮದೇ ಮೊದಲನೆಯದು. ೨೦೧೮ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ, ಕಾರಿಗೆ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದಕ್ಕೆ ವಿದ್ಯುತ್ ಮಾರುವ ಪರವಾನಗಿ ಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಹೋಟೆಲಿನವರು, ಬಂಕಿನವರು, ಅಂಗಡಿಯವರು ಕೂಡ ಚಾರ್ಜಿಂಗ್ ಕೇಂದ್ರ ಇಡಲು ಇದರಿಂದ ದಾರಿಯಾಯಿತು. ಹಿಂದಿನವರು ದಾರಿಯ ಬದಿಗೆ ಅರವಟ್ಟಿಗೆ ಇಡುತ್ತಿದ್ದಂತೆ ಈಗ ಇವು ಒಂದೊಂದಾಗಿ ಹೆಚ್ಚುತ್ತಿವೆ.

ಈ ಕೇಂದ್ರಗಳ ಗುಣವನ್ನೂ ಸ್ವಲ್ಪ ತಿಳಿದಿರಬೇಕು. ಮನೆಗೆ ಬರುವುದು ಎ.ಸಿ. ವಿದ್ಯುತ್ತು, ಬ್ಯಾಟರಿ ಒಪ್ಪುವುದು ಡಿ.ಸಿ.ಯನ್ನು ಮಾತ್ರ. ಮನೆಯಲ್ಲಿ ಈ ಬದಲಾವಣೆಯನ್ನು ಕಾರಿನೊಳಗಿನ ಸಣ್ಣ ಯಂತ್ರವೊಂದು ನಿಧಾನವಾಗಿ ಮಾಡುತ್ತದೆ. ವೇಗದ ಕೇಂದ್ರದಲ್ಲಿ ಬೀರುವಿನಷ್ಟು ದೊಡ್ಡ ಯಂತ್ರ ಹೊರಗೇ ಮಾಡಿ ನೇರವಾಗಿ ಬ್ಯಾಟರಿಗೆ ತುಂಬುತ್ತದೆ. ಆದ್ದರಿಂದ ಮನೆಯಲ್ಲಿ ರಾತ್ರಿಯೆಲ್ಲ ಹಿಡಿಯುವ ಕೆಲಸ ಅಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ ನೂರಕ್ಕೆ ಎಂಬತ್ತು ದಾಟಿದ ಮೇಲೆ ಅಲ್ಲಿಯೂ ನಿಧಾನವೇ. ಜಾತ್ರೆಯ ಬಸ್ಸನ್ನು ನೆನೆಸಿಕೊಳ್ಳಿ. ಮೊದಲು ಹತ್ತಿದವರಿಗೆ ಖಾಲಿ ಸೀಟು ಬೇಕಾದಷ್ಟು, ನೂಕಿಕೊಂಡು ಕೂತುಬಿಡುತ್ತಾರೆ. ಕೊನೆಗೆ ಬಂದವರು ಜಾಗ ಹುಡುಕಿ ಹುಡುಕಿ ಕೂರಬೇಕು. ಬ್ಯಾಟರಿಯೊಳಗೂ ಅದೇ ಪಾಡು. ಅಲ್ಲಿ ನೂಕಿದರೆ ಬ್ಯಾಟರಿಗೇ ಕೇಡು. ಆದುದರಿಂದ ಎಂಬತ್ತಕ್ಕೆ ಬಂದ ಕೂಡಲೇ ಎದ್ದು ಹೋಗುವುದು ಜಾಣತನ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರೆ ಸೌಜನ್ಯ ಕೂಡ.

ಈಗ ಅಕ್ಕನ ಮನೆಯ ಕಥೆಗೆ ಬರುತ್ತೇನೆ. ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ, ನಾನೂ ಮನೆಯಾಕೆಯೂ ಮೈಸೂರಿನಿಂದ ಪುತ್ತೂರಿಗೆ ಹೊರಟೆವು. ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯದ ದಾರಿ. ಒಟ್ಟು ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮಡಿಕೇರಿ ಮುಟ್ಟುವಾಗ ಬ್ಯಾಟರಿಯಲ್ಲಿ ನೂರಕ್ಕೆ ಮೂವತ್ತನಾಲ್ಕು ಉಳಿದಿತ್ತು. ಕಾರಿಗೆ ಚಾರ್ಜ್ ಹಾಕಿ ನಾವು ಊಟಕ್ಕೆ ಕೂತೆವು. ಊಟ, ಒಂದು ಕಾಫಿ ಮುಗಿಯುವಷ್ಟರಲ್ಲಿ ಎಪ್ಪತ್ತೈದು. ಮಳೆ ಜೋರಾಗಿತ್ತು, "ಪೂರ್ತಿ ತುಂಬಿಸಿಕೊಂಡೇ ಹೋಗೋಣ" ಎಂದಳು ಮನೆಯಾಕೆ. "ಬೇಡ, ಮುಂದೆ ಇಳಿಜಾರು" ಎಂದೆ. ಮಡಿಕೇರಿಯಿಂದ ಸಂಪಾಜೆಗೆ ದಾರಿ ಸುಮಾರು ಸಾವಿರ ಮೀಟರು ಕೆಳಗಿಳಿಯುತ್ತದೆ. ಇಳಿಯುವ ಕಾರು ವಿದ್ಯುತ್ತನ್ನು ಮಾಡುತ್ತದೆ. ತುಂಬಿದ ಕೊಡಕ್ಕೆ ನೀರು ಸುರಿದರೆ ಹಿಡಿದೀತೆ? ಬ್ಯಾಟರಿ ತುಂಬಿದ್ದರೆ ಮೋಟಾರು ತಡೆಹಿಡಿಯುವ ಕೆಲಸವನ್ನು ಬಿಟ್ಟುಕೊಡುತ್ತದೆ. ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟದ ತಲೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡಿರಬೇಕು. ನಾವು ಎಪ್ಪತ್ತೈದಕ್ಕೆ ಹೊರಟು ಸಂಪಾಜೆಯಲ್ಲಿ ನೋಡಿದರೆ ಎಪ್ಪತ್ತೆಂಟು. ಇಪ್ಪತ್ತೈದು ಕಿಲೋಮೀಟರು ಓಡಿ ಮೂರು ಅಂಕ ಗಳಿಸಿದ್ದೆವು. ಮನೆಯಾಕೆಗೆ ಇದು ಬಹಳ ಹಿಡಿಸಿತು.

ಆದರೆ ಘಟ್ಟ ಕೊಟ್ಟದ್ದನ್ನು ಘಟ್ಟವೇ ಬಡ್ಡಿ ಸಮೇತ ಹಿಂದಕ್ಕೆ ಕೇಳುತ್ತದೆ. ಪ್ರಯಾಣಿಕರೂ ಸೇರಿ ೧೭೦೦ ಕಿಲೋ ತೂಗುವ ಕಾರನ್ನು ಸಾವಿರ ಮೀಟರು ಮೇಲಕ್ಕೆ ಎತ್ತಲು, ಓಡುವ ಖರ್ಚಿನ ಮೇಲೆ, ನಾಲ್ಕೂವರೆ ಐದು ಯೂನಿಟ್ ಬೇಕು. ಅಕ್ಕನ ಮನೆ ಸೇರಿದಾಗ ನಲವತ್ತೇಳು ಉಳಿದಿತ್ತು. ಹಿಂದಿರುಗಿ ಮಡಿಕೇರಿ ಹತ್ತಲು ಅರವತ್ತಾದರೂ ಬೇಕು. ದಾರಿಯಲ್ಲಿ ಗುರುತಿಸಿಕೊಂಡಿದ್ದ ಒಂದು ಚಾರ್ಜಿಂಗ್ ಕೇಂದ್ರ ಕೆಟ್ಟು ನಿಂತಿತ್ತು. "ಚಿಂತೆಯಿಲ್ಲ, ಅಕ್ಕನ ಮನೆಯಲ್ಲಿ ರಾತ್ರಿಯೆಲ್ಲ ಇರುತ್ತೇವಲ್ಲ" ಎಂದುಕೊಂಡಿದ್ದೆ.

ನೆಂಟರ ಮನೆಗೆ ಹೋಗಿ ಕಾಫಿ ಕೇಳಬಹುದು. ಕರೆಂಟು ಕೇಳುವುದು ಹೇಗೆ? ಮೊದಮೊದಲು ನನಗೆ ಇದು ಮುಜುಗರದ ವಿಷಯವಾಗಿತ್ತು. ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ನೆಂಟನ ಎತ್ತಿಗೂ ಹುಲ್ಲು ಹಾಕುತ್ತಿದ್ದರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಭಾವನಿಗೆ ಹೇಳಿದಾಗ ಅವರು ನಕ್ಕು, "ಅದಕ್ಕೇನು ಮಾರಾಯ, ಪಂಪಿನ ಶೆಡ್ಡಿನಲ್ಲಿ ಬೇಕಾದಷ್ಟು ಉಂಟು. ಅಲ್ಲಿಗೆ ಸಿಕ್ಕಿಸು" ಎಂದರು. "ಅದು ಬೇಡ ಭಾವ. ಅದು ತೋಟದ ನೀರಿಗೆಂದು ಸರಕಾರ ಕೊಟ್ಟ ಕರೆಂಟು. ಮನೆಯ ಮೀಟರಿನದೇ ಕೊಡಿ" ಎಂದೆ. ಅಡಿಗೆಮನೆಯ ಹಿಂದಿನ ಜಗಲಿಯಲ್ಲಿ, ಅಕ್ಕ ಹಿಟ್ಟು ರುಬ್ಬುವ ಗ್ರೈಂಡರಿನ ಪಕ್ಕ, ಒಂದು ದಪ್ಪ ಪ್ಲಗ್ಗಿತ್ತು. ಕಾರಿನ ಜೊತೆ ಬಂದ ಚಾರ್ಜಿಂಗ್ ಪೆಟ್ಟಿಗೆಯನ್ನು ಅಲ್ಲಿಗೆ ಚುಚ್ಚಿದೆ. ಹಸಿರು ದೀಪ ಹತ್ತಬೇಕಾಗಿತ್ತು; ಕೆಂಪು ಹತ್ತಿತು. ತೆಗೆದು ಮತ್ತೆ ಚುಚ್ಚಿದೆ. ಮತ್ತೆ ಕೆಂಪು.

"ನಿನ್ನ ಪೇಟೆ ಕಾರಿಗೆ ನಮ್ಮ ಊರಿನ ಕರೆಂಟು ರುಚಿಸುವುದಿಲ್ಲ" ಎಂದು ಭಾವ ತಮಾಷೆ ಮಾಡಿದರು. ಕೆಂಪು ದೀಪದ ಅರ್ಥ ನನಗೆ ಗೊತ್ತಿತ್ತು: ಅರ್ತಿಂಗ್ ಇಲ್ಲ. ಪಕ್ಕದ ಮನೆಯ ಹುಡುಗನೊಬ್ಬ ನೋಡಲು ಬಂದಿದ್ದ. "ಅದಕ್ಕೆ ಉಪಾಯ ಉಂಟು ಅಂಕಲ್. ಪ್ಲಗ್ಗಿನೊಳಗೆ ಅರ್ತಿನ ಪಿನ್ನಿಗೂ ನ್ಯೂಟ್ರಲಿಗೂ ಒಂದು ತುಂಡು ವೈರು ಸೇರಿಸಿದರೆ ಹಸಿರು ಬರ್ತದೆ" ಎಂದ. ಅವನು ಹೇಳಿದ್ದು ನಿಜ, ಹಸಿರು ಬರುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಮೈಯೆಲ್ಲ ವಿದ್ಯುತ್ತಾಗಿ, ಮುಟ್ಟಿದವನು ಸಾಯುತ್ತಾನೆ. "ಬೇಡಪ್ಪ, ಆ ಉಪಾಯವನ್ನು ಯಾರಿಗೂ ಹೇಳಿಕೊಡಬೇಡ" ಎಂದೆ.

ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು, "ಅದೇ ಪ್ಲಗ್ಗಿನಲ್ಲಿ ನನ್ನ ಗ್ರೈಂಡರು ಚೆನ್ನಾಗಿಯೇ ತಿರುಗುತ್ತದಲ್ಲೋ. ಮಳೆಗಾಲದಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಎನ್ನುತ್ತದೆ, ಅಷ್ಟೆ" ಎಂದಳು.

"ಎಷ್ಟು ದಿನದಿಂದ ಅಕ್ಕ?"

"ಮೂರು ಮಳೆಗಾಲವಾಯಿತೇನೋ. ನಾನು ಚಪ್ಪಲಿ ಹಾಕಿಕೊಂಡೇ ರುಬ್ಬುವುದು. ಇವರಿಗೆ ಹೇಳಿದ್ದೆ. ವಯಸ್ಸಾಯಿತು, ನರದ ದೋಷ ಎಂದರು."

ಭಾವ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಜಗಲಿಯ ನೆಲ ಒದ್ದೆಯಾಗಿತ್ತು.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿರುವ ದಪ್ಪ ಕಡ್ಡಿಯನ್ನು ನಾವು ಯಾರೂ ಗಮನಿಸುವುದಿಲ್ಲ. ಅದು ಇಲ್ಲದಿದ್ದರೂ ಗ್ರೈಂಡರು ತಿರುಗುತ್ತದೆ, ಫ್ರಿಜ್ಜು ತಣ್ಣಗಾಗುತ್ತದೆ. ಯಂತ್ರದೊಳಗೆ ವೈರಿನ ಹೊದಿಕೆ ಸವೆದು ವಿದ್ಯುತ್ತು ಮೈಗೆ ಸೋರಿದರೆ, ಅದನ್ನು ಮನುಷ್ಯನ ಕಡೆಗೆ ಬಿಡದೆ ನೆಲಕ್ಕೆ ಒಯ್ಯುವುದೇ ಆ ಮೂರನೆಯ ತಂತಿಯ ಕೆಲಸ. ಆ ದಾರಿ ಕಡಿದಿದ್ದರೆ ಸೋರಿದ ವಿದ್ಯುತ್ತು, ಮುಟ್ಟಿದವರ ಮೂಲಕ ನೆಲಕ್ಕೆ ಹೋಗುತ್ತದೆ. ಒಣ ನೆಲ, ರಬ್ಬರ್ ಚಪ್ಪಲಿ ಇದ್ದರೆ ಜುಮ್ ಎನ್ನುತ್ತದೆ. ಒದ್ದೆ ನೆಲ, ಬರಿಗಾಲು ಆದರೆ ಹೇಳಲಾಗದು. ಗ್ರೈಂಡರು ಇದನ್ನು ನೋಡಿಕೊಳ್ಳುವುದಿಲ್ಲ. ಕಾರಿನ ಚಾರ್ಜರು ನೋಡಿಕೊಳ್ಳುತ್ತದೆ. ಮೂರನೆಯ ತಂತಿ ಸರಿಯಿಲ್ಲದಿದ್ದರೆ ಅದು ಊಟಕ್ಕೇ ಕೂರುವುದಿಲ್ಲ.

ಪುತ್ತೂರಿನ ಪೇಟೆಗೆ ಹೋಗಿ ಕಾರಿಗೆ ಎಲ್ಲಿಯಾದರೂ ತುಂಬಿಸಿಕೊಂಡು ಬರಬಹುದಾಗಿತ್ತು. ಮನಸ್ಸು ಒಪ್ಪಲಿಲ್ಲ. ಗ್ರೈಂಡರಿನ ಪ್ಲಗ್ಗನ್ನು ಕಿತ್ತಿಟ್ಟು, ಮಾರನೆಯ ದಿನ ಲೈಸೆನ್ಸು ಇದ್ದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಮನೆ ಕಟ್ಟಿದಾಗ ಹೂತ ಅರ್ತಿನ ಪೈಪಿನಿಂದ ಬರುವ ತಂತಿ ಬಚ್ಚಲಿನ ಗೋಡೆಯ ಹಿಂದೆ ತುಕ್ಕು ಹಿಡಿದು ತುಂಡಾಗಿತ್ತು. ಆತ ಹೊಸ ಗುಂಡಿ ತೋಡಿಸಿ, ಪೈಪು ಇಳಿಸಿ, ಸುತ್ತ ಇದ್ದಲು ಉಪ್ಪು ಪದರ ಪದರವಾಗಿ ತುಂಬಿ, ನೀರು ಹೊಯ್ದು, ಹೊಸ ತಂತಿ ಎಳೆದ. ವಿದ್ಯುತ್ತು ಸೋರಿದ ಕ್ಷಣದಲ್ಲಿಯೇ ತಾನಾಗಿ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಮೀಟರಿನ ಬಳಿ ಹಾಕಿದ. ಗ್ರೈಂಡರನ್ನು ಚುಚ್ಚಿದ ಕೂಡಲೇ ಆ ಸ್ವಿಚ್ಚು ಟಪ್ ಎಂದು ಬಿತ್ತು. ಗ್ರೈಂಡರು ರಿಪೇರಿಗೆ ಹೋಯಿತು. ಕಾರಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಭಾವ ಆ ದೀಪವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಒಂದು ದಿನ ಹೆಚ್ಚಾಗಿ ಉಳಿದು ಹೊರಟೆವು. ಪೂರ್ತಿ ತುಂಬಿದ ಬ್ಯಾಟರಿ ಸಂಪಾಜೆಯಲ್ಲಿ ಅರವತ್ತೆಂಟಾಗಿ, ಮಡಿಕೇರಿಯಲ್ಲಿ ನಲವತ್ತಾಯಿತು. ಅಲ್ಲಿ ಮತ್ತೆ ಅರ್ಧ ಗಂಟೆಯ ಮೇವು, ನಮಗೆ ತಿಂಡಿ, ಸಂಜೆಗೆ ಮೈಸೂರು. ಹೊರಡುವಾಗ ಹದಿನಾರು ಹದಿನೇಳು ಯೂನಿಟ್ಟಿನ ಲೆಕ್ಕ ಹೇಳಿ ನೂರು ರೂಪಾಯಿ ಚಿಲ್ಲರೆ ಮೇಜಿನ ಮೇಲಿಡಲು ಹೋದೆ. "ಬಾಳೆಹಣ್ಣಿಗೂ ಬಿಲ್ಲು ಮಾಡುತ್ತೀಯಾ?" ಎಂದು ಅಕ್ಕ ಬಯ್ದಳು. ಮುಂದಿನ ಸಲ ಮೈಸೂರು ಪಾಕು ಒಂದು ಡಬ್ಬಿ ಹೆಚ್ಚಾಗಿ ಒಯ್ದರೆ ಆ ಲೆಕ್ಕ ಸರಿಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ನಮಗೆ ಸ್ವಂತ ಅಂಗಳವಿದೆ, ಸ್ವಂತ ಮೀಟರಿದೆ, ಅಕ್ಕನಿಗೂ ಇದೆ. ಬಾಡಿಗೆ ಮನೆಯಲ್ಲಿರುವವರು, ಮೂರನೆಯ ಮಹಡಿಯಲ್ಲಿ ಮನೆ ಬೀದಿಯಲ್ಲಿ ಕಾರು ಎಂಬಂತಿರುವವರು ಏನು ಮಾಡಬೇಕು? ಬಾಲ್ಕನಿಯಿಂದ ವೈರು ಇಳಿಬಿಟ್ಟು, ಜನ ನಡೆಯುವ ಪಾದಚಾರಿ ಮಾರ್ಗದ ಮೇಲೆ ಹಾಯಿಸುವುದನ್ನು ನಾನು ಕಂಡಿದ್ದೇನೆ. ಅದು ಬೇರೆಯವರ ಪ್ರಾಣದ ಜೊತೆ ಆಟ. ಇಂಥವರು ಕಾರು ಕೊಳ್ಳುವ ಮೊದಲೇ ಮನೆಯ ಮಾಲೀಕರೊಡನೆ, ವಸತಿ ಸಮುಚ್ಚಯದ ಸಂಘದೊಡನೆ ಕೂತು ಮಾತಾಡಿ, ನಿಲ್ಲಿಸುವ ಜಾಗಕ್ಕೆ ಸರಿಯಾದ ವೈರಿಂಗು, ಪ್ರತ್ಯೇಕ ಮೀಟರು ಆಗುತ್ತದೆಯೇ ಎಂದು ತೀರ್ಮಾನಿಸಿಕೊಳ್ಳಬೇಕು. ಕೆಲಸದ ಜಾಗದಲ್ಲಿ ಹಗಲು ಚಾರ್ಜ್ ಮಾಡಲು ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ನಮ್ಮ ಪಾವಗಡದ ಸೌರ ಉದ್ಯಾನವೊಂದೇ ೨೦೫೦ ಮೆಗಾವ್ಯಾಟಿನದು. ಆ ವಿದ್ಯುತ್ತು ಬರುವುದು ಬಿಸಿಲಿರುವಾಗಲೇ. ಇದಾವುದೂ ಸಾಧ್ಯವಿಲ್ಲ ಎನ್ನುವವರು ಸದ್ಯಕ್ಕೆ ಅವಸರಪಡದಿರುವುದೇ ಮೇಲು. ಕೊಟ್ಟಿಗೆಯಿಲ್ಲದೆ ಹಸು ಕಟ್ಟಬಾರದು.

ಕೊಳ್ಳಬೇಕೆಂದು ಇರುವವರಿಗೆ ನನ್ನದೊಂದೇ ಸಲಹೆ. ಕಾರಿನ ಅಂಗಡಿಗೆ ಹೋಗುವ ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆಸಿ ಅರ್ತಿಂಗ್ ಅಳೆಸಿರಿ. ಕಾರು ಕೊಳ್ಳದಿದ್ದವರೂ ಅಳೆಸಿರಿ. ಅಡಿಗೆಮನೆಯಲ್ಲಿ ಯಾರಾದರೂ "ಸ್ವಲ್ಪ ಜುಮ್ ಎನ್ನುತ್ತದೆ" ಎಂದರೆ ಅದನ್ನು ನರದ ದೋಷವೆನ್ನಬೇಡಿ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಗ್ರೈಂಡರು ರಿಪೇರಿಯಾಗಿ ಬಂದಿದೆಯಂತೆ, ಈಗ ಏನೂ ಜುಮ್ ಎನ್ನುವುದಿಲ್ಲವಂತೆ. ಆದರೂ ಚಪ್ಪಲಿ ಬಿಡಬೇಡ ಎಂದು ಹೇಳಿದ್ದೇನೆ.